ಸೀಲಿಂಗ್ ಕೆರೆಯೋಕೆ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ 1979ರಲ್ಲಿ ಕಟ್ಟಿದ ಮನೆ ತಗೊಂಡಿದೀವಿ. ಬೆಡ್‌ರೂಮು, ಹಾಲು ಎಲ್ಲಾ ಕಡೆ ಪಾಪ್‌ಕಾರ್ನ್ ಸೀಲಿಂಗು, ಅಂದ್ರೆ ಸ್ಪ್ರೇ ಮಾಡಿದ ಕಾಳುಕಾಳಾದ ಲೇಪ. ವಿಡಿಯೋ ಕಾಲ್‌ನಲ್ಲಿ ನೋಡಿದ ನಮ್ಮಮ್ಮ "ಇದೇನೋ, ಸೂರಿಗೆ ಉಪ್ಪಿಟ್ಟು ಮೆತ್ತಿದಾರೆ" ಅಂದ್ರು. ನನ್ನ ಹೆಂಡ್ತಿಗೆ ಈಗ ಏಳು ತಿಂಗಳು, ಬಾಣಂತನಕ್ಕೆ ಅವರಮ್ಮ ಬರ್ತಿದಾರೆ, ಅಷ್ಟರೊಳಗೆ ಇದನ್ನ ತೆಗೆಸಿ ಫ್ಯಾನು ಹಾಕಿಸಿ, ತೊಟ್ಟಿಲಿಗೆ ಒಂದು ಹುಕ್ಕೂ ಹಾಕಿಸೋಣ ಅಂತ ಪ್ಲ್ಯಾನು. ಕಂಟ್ರಾಕ್ಟರ್ ಬಂದು, ಕ್ಲಾಸೆಟ್ (ಬಟ್ಟೆ ಇಡೋ ಪುಟ್ಟ ಕೋಣೆ) ಒಳಗೆ ಒಂದಡಿ ಕೆರೆದು "ನೋಡಿ ಎಷ್ಟು ಈಸಿ, ಎರಡು ದಿನದ ಕೆಲಸ" ಅಂತ ತೋರಿಸಿ ಹೋದ. ಆಸ್ಬೆಸ್ಟಾಸ್ (ಕಲ್ನಾರು) ಬಗ್ಗೆ ಕೇಳಿದ್ರೆ 78ರಲ್ಲೇ ಬ್ಯಾನ್ ಆಗಿದೆ, ನಿಮ್ಮನೆ 79ರದ್ದು, ಏನೂ ಇರಲ್ಲ ಅಂದ. ನಂಬಬಹುದಾ?

ಉತ್ತರ: ಮೊದಲು ಆ ಕ್ಲಾಸೆಟ್ ವಿಷಯ ಮುಗಿಸೋಣ. ಬಾಗಿಲು ಹಾಕಿ, ಕೆಳಗಡೆ ಸಂದಿಗೆ ಟೇಪ್ ಹಾಕಿಬಿಡಿ. ಪುಡಿ ಬಿದ್ದಿದೆ ಅಂತ ಪೊರಕೆ ತಗೊಂಡು ಗುಡಿಸೋಕೆ ಹೋಗ್ಬೇಡಿ, ಮನೇಲಿರೋ ವ್ಯಾಕ್ಯೂಮನ್ನಂತೂ ಹಚ್ಚಲೇಬೇಡಿ, ಪುಡೀಲಿ ಆಸ್ಬೆಸ್ಟಾಸ್ ಇದ್ರೆ ಅದು ವ್ಯಾಕ್ಯೂಮಿನ ಫಿಲ್ಟರ್‌ಗೆ ಸಿಗದಷ್ಟು ಸಣ್ಣ ಎಳೆ, ಒಂದು ಕಡೆಯಿಂದ ಎಳ್ಕೊಂಡು ಇನ್ನೊಂದು ಕಡೆಯಿಂದ ಮನೆಯೆಲ್ಲಾ ಊದುತ್ತೆ. ಟೆಸ್ಟ್ ರಿಪೋರ್ಟ್ ಬರೋವರೆಗೂ ಆ ಬಾಗಿಲು ತೆಗೀಬೇಡಿ, ನಿಮ್ಮ ಹೆಂಡ್ತಿ ಆ ರೂಮಿಗೇ ಹೋಗೋದು ಬೇಡ.

ಇನ್ನು 78ರ ಲೆಕ್ಕ. ಆ ಕಂಟ್ರಾಕ್ಟರ್ ಹೇಳಿದ್ದು ಅರ್ಧ ಸರಿ, ಅದಕ್ಕೇ ಅಪಾಯ. ಅಲ್ಲಿನ ಪರಿಸರ ಇಲಾಖೆ ಇಪಿಎ 1973ರಲ್ಲಿ ಫೈರ್‌ಪ್ರೂಫಿಂಗ್, ಇನ್ಸುಲೇಷನ್‌ಗೆ ಆಸ್ಬೆಸ್ಟಾಸ್ ಸ್ಪ್ರೇ ಮಾಡೋದನ್ನ ನಿಲ್ಲಿಸ್ತು, 1978ರಲ್ಲಿ ಅಲಂಕಾರದ ಸ್ಪ್ರೇಗೂ ಅದನ್ನ ವಿಸ್ತರಿಸ್ತು. ಆದ್ರೆ ಗೋಡೌನಲ್ಲಿ ಆಗಲೇ ಇದ್ದ ಮಾಲನ್ನ ಖಾಲಿ ಮಾಡ್ಕೊಳ್ಳೋಕೆ ಬಿಟ್ರು. ಹಾಗಾಗಿ 80ರ ದಶಕದ ಮೊದಲರ್ಧದಲ್ಲಿ ಕಟ್ಟಿದ ಮನೆಗಳಲ್ಲೂ ಇದು ಸಿಗುತ್ತೆ. ನಿಮ್ಮ 79ರ ಮನೇಲಿ ಇದ್ದೇ ಇದೆ ಅಂತ ನಾನು ಹೇಳ್ತಿಲ್ಲ, ನೋಡಿ ಹೇಳೋಕೆ ಯಾರಿಂದಲೂ ಆಗಲ್ಲ, ಪೇಪರ್ ಪಲ್ಪ್, ಥರ್ಮೋಕೋಲ್ ಹಾಕಿದ್ದೂ ಕಣ್ಣಿಗೆ ಹಾಗೇ ಕಾಣುತ್ತೆ. ಇದ್ದರೆ ಸಾಮಾನ್ಯವಾಗಿ ಬಿಳಿ ಕಲ್ನಾರು, ರಿಪೋರ್ಟಲ್ಲಿ ಕ್ರೈಸೊಟೈಲ್ ಅಂತ ಬರೆದಿರ್ತಾರೆ.

ಸ್ಯಾಂಪಲ್ ತೆಗೆಯೋಕೆ ಲೈಸೆನ್ಸ್ ಇರೋ ಇನ್‌ಸ್ಪೆಕ್ಟರ್‌ನ ಕರೆಸೋದು ಒಳ್ಳೇದು, ನಿಮ್ಮ ಮನೇಲಿ ಈಗಿರೋ ಪರಿಸ್ಥಿತಿಗೆ ನಾನು ಅದನ್ನೇ ಹೇಳ್ತೀನಿ. ಆದ್ರೂ ಅವರು ಸರಿಯಾಗಿ ಮಾಡ್ತಿದಾರಾ ಅಂತ ನಿಮಗೆ ಗೊತ್ತಿರಲಿ. ಹೀಟರ್, ಎಸಿ ಎರಡೂ ಆಫ್ ಇರಬೇಕು, ಕೆಳಗೆ ಪ್ಲಾಸ್ಟಿಕ್ ಶೀಟು ಹಾಸಿರಬೇಕು. ಸ್ಪ್ರೇ ಬಾಟಲಿ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ ಅಂಗೈಯಗಲ ಜಾಗ ಚೆನ್ನಾಗಿ ನೆನೆಸ್ತಾರೆ, ಸೋಪು ಇದ್ರೆ ನೀರು ಒಳಗಿಳಿಯುತ್ತೆ, ಬರೀ ನೀರು ಮೇಲೇ ನಿಂತು ತೊಟ್ಟಿಕ್ಕುತ್ತೆ. ಸ್ವಲ್ಪ ಹೊತ್ತು ಬಿಟ್ಟು ಚಾಕುವಿನಿಂದ ಒಳಗಿನ ಜಿಪ್ಸಮ್ ಬೋರ್ಡಿನವರೆಗೂ ಆಳವಾಗಿ ಒಂದು ಟೀ ಚಮಚದಷ್ಟು ತೆಗೆದು ಜಿಪ್‌ಲಾಕ್ ಕವರಿಗೆ, ಅದನ್ನ ಇನ್ನೊಂದು ಜಿಪ್‌ಲಾಕ್‌ಗೆ, ಮೇಲೆ ಯಾವ ರೂಮು ಅಂತ ಹೆಸರು. ಕೆರೆದ ಜಾಗಕ್ಕೆ ಪೇಂಟು ಬಳಿದು ಮುಚ್ತಾರೆ. ಒಂದೇ ಕಡೆ ತೆಗೆದು ಕೈ ತೊಳ್ಕೊಂಡ್ರೆ ಒಪ್ಕೋಬೇಡಿ. 1000 ಚದರಡಿ ಒಳಗಿದ್ರೆ 3 ಸ್ಯಾಂಪಲ್, ಅದಕ್ಕಿಂತ ಜಾಸ್ತಿಯಾಗಿ 5000ದವರೆಗೆ 5 ಅನ್ನೋದು ಸ್ಕೂಲ್ ಬಿಲ್ಡಿಂಗ್‌ಗಳಿಗೆ ಮಾಡಿದ ರೂಲು, ಮನೆಗೂ ಅದನ್ನೇ ಹಿಡೀತಾರೆ. ಆಮೇಲೆ ಸೇರಿಸಿದ ರೂಮ್ ಏನಾದ್ರೂ ಇದ್ರೆ ಅದರದ್ದು ಬೇರೆ ಸ್ಯಾಂಪಲ್ಲು. ಬೋರ್ಡ್ ಜಾಯಿಂಟಿಗೆ ಮೆತ್ತಿರೋ ಪುಟ್ಟಿ ಥರದ ಕಾಂಪೌಂಡನ್ನೂ ಟೆಸ್ಟ್ ಮಾಡ್ಸಿ, ಆಸ್ಬೆಸ್ಟಾಸ್ ಇರೋ ಪ್ಯಾಚಿಂಗ್ ಕಾಂಪೌಂಡ್ ಬ್ಯಾನ್ ಆಗಿದ್ದು 1977ರಲ್ಲಿ, ನಿಮ್ಮ ಮನೆಗೂ ಅದಕ್ಕೂ ದೂರವೇನಿಲ್ಲ.

ಶೇಕಡಾ 1ಕ್ಕಿಂತ ಜಾಸ್ತಿ ಬಂದ್ರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅದು ಆಸ್ಬೆಸ್ಟಾಸ್ ಮಾಲು. ಬಂದ್ರೂ ಗಾಬರಿ ಬೀಳ್ಬೇಡಿ. ಗಟ್ಟಿಯಾಗಿ ಅಂಟ್ಕೊಂಡಿರೋ, ಉದುರದೇ ಇರೋ ಸೀಲಿಂಗ್ ಸುಮ್ನೆ ಕೂತ್ರೆ ಏನೂ ಮಾಡಲ್ಲ. ಒಣಗಿದ್ದನ್ನ ಕೆರೆದಾಗ, ಡ್ರಿಲ್ ಮಾಡಿದಾಗ ಎಳೆಗಳು ಗಾಳಿಗೆ ಸೇರೋದು, ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಉಳ್ಕೊಳ್ಳೋದು, ಅದರಿಂದ ಬರೋ ಮೆಸೋಥೀಲಿಯೋಮಾ ಥರದ ಕ್ಯಾನ್ಸರ್ ಕಾಣಿಸ್ಕೊಳ್ಳೋಕೆ 20, 30, 40 ವರ್ಷವೂ ಆಗುತ್ತೆ. ಹುಟ್ಟೋ ಮಗು ಮುಂದೆ ಅಷ್ಟು ವರ್ಷ ಇರೋದ್ರಿಂದ್ಲೇ ನಾನು ಇಷ್ಟು ಕೊರೀತಿರೋದು.

ನನ್ನ ಅಭಿಪ್ರಾಯ ಕೇಳಿದ್ರೆ, ರಿಪೋರ್ಟ್ ಪಾಸಿಟಿವ್ ಬಂದ್ರೆ ಕ್ಲಾಸೆಟ್ಟನ್ನ ಮಾತ್ರ ಅಬೇಟ್‌ಮೆಂಟ್ (ಆಸ್ಬೆಸ್ಟಾಸ್ ತೆಗೆಯೋ ಕೆಲಸ) ಲೈಸೆನ್ಸ್ ಇರೋರ ಹತ್ರ ಕ್ಲೀನ್ ಮಾಡಿಸಿ, ಉಳಿದಿದ್ದನ್ನ ಬಾಣಂತನ ಮುಗಿಯೋವರೆಗೂ ಮುಟ್ಟಬೇಡಿ. ತೊಟ್ಟಿಲಿಗೆ ಸ್ಟ್ಯಾಂಡ್ ಇರೋದು ತಗೊಳ್ಳಿ, ಹುಕ್ಕು ಬೇಡವೇ ಬೇಡ. ಫ್ಯಾನೂ ಸದ್ಯಕ್ಕೆ ಪೆಡೆಸ್ಟಲ್ಲೇ ಸಾಕು, ಯಾಕಂದ್ರೆ ಸೀಲಿಂಗ್ ಫ್ಯಾನ್‌ಗೆ ಹಳೇ ಲೈಟಿನ ಬಾಕ್ಸ್ ಸಾಲಲ್ಲ, ಅದನ್ನ ಕಿತ್ತು ಭಾರ ತಡೆಯೋ ಬಾಕ್ಸ್ ಕೂರಿಸೋವಾಗ ಸುತ್ತ ಕೆರೀಲೇಬೇಕಾಗುತ್ತೆ. ಆಮೇಲೆ ನಿಧಾನಕ್ಕೆ ಯೋಚ್ನೆ ಮಾಡಿ. ತೆಗೆಸೋದೊಂದೇ ದಾರಿ ಅಲ್ಲ. ಹೊಸ ಜಿಪ್ಸಮ್ ಬೋರ್ಡನ್ನ ಮೇಲೆ ಹೊದಿಸಿ ಜಂತಿಗೆ ಸ್ಕ್ರೂ ಹಾಕಿ ಮುಚ್ಚಿಬಿಡಬಹುದು, ಸೀಲಿಂಗ್ ಅರ್ಧ ಇಂಚು ಕೆಳಗೆ ಬರುತ್ತೆ ಅಷ್ಟೇ. ಸ್ಕ್ರೂ ಹಾಕೋದೂ ತೂತು ಮಾಡೋದೇ ತಾನೇ, ಹಾಗಾಗಿ ಅದನ್ನೂ ಗೊತ್ತಿರೋರ ಕೈಲೇ ಮಾಡಿಸ್ಬೇಕು.

ನೆಗೆಟಿವ್ ಬಂದ್ರೆ? ಆಗ ಆ ಎರಡು ದಿನದ ಕಥೆ ನೋಡೋಣ. ಪೇಂಟ್ ಬಳಿದಿಲ್ಲದೇ ಇದ್ರೆ ನೀರು ಹೊಡೆದು ಹದಿನೈದು ನಿಮಿಷ ಬಿಟ್ರೆ ಹಿಟ್ಟಿನ ಹಾಗೆ ಬರುತ್ತೆ. ಪೇಂಟ್ ಬಿದ್ದಿದ್ರೆ ನೀರು ಕುಡಿಯಲ್ಲ, ಕಷ್ಟ. ಆದ್ರೆ ನಿಜವಾದ ಕೆಲಸ ಶುರುವಾಗೋದೇ ಕೆರೆದ ಮೇಲೆ. ಜಾಯಿಂಟು, ಸ್ಕ್ರೂ ಗುರುತು, ಉಬ್ಬುತಗ್ಗು ಫಿನಿಶ್ ಮಾಡೋ ಖರ್ಚು ಉಳಿಸೋಕೇ ಬಿಲ್ಡರ್‌ಗಳು ಆ ಕಾಲದಲ್ಲಿ ಇದನ್ನ ಹೊಡೀತಿದ್ದದ್ದು, ಶಬ್ದ ಕಮ್ಮಿಯಾಗುತ್ತೆ ಅನ್ನೋದು ಮಾರೋಕೆ ಹೇಳ್ತಿದ್ದ ಇನ್ನೊಂದು ಮಾತು. ಅದೆಲ್ಲಾ ಈಗ ಬಯಲಿಗೆ ಬರುತ್ತೆ. ಎರಡು ಮೂರು ಕೋಟ್ ಸ್ಕಿಮ್ (ತೆಳು ಪ್ಲಾಸ್ಟರ್ ಲೇಪ), ಪ್ರತಿ ಸಲ ಉಜ್ಜೋದು, ಪ್ರೈಮರ್. ಕೊಟೇಷನ್‌ನಲ್ಲಿ ಇದು ಸೇರಿದೆಯಾ ಅಂತ ಬರೆಸ್ಕೊಳ್ಳಿ.

ಪ್ರಶ್ನೆ: ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಮನೆ ತಗೊಂಡ್ವಿ. ಸೀಲಿಂಗ್ ತುಂಬಾ ಸುತ್ತು ಸುತ್ತಿನ ಆರ್ಟೆಕ್ಸ್, ಅಂದ್ರೆ ಅಲಂಕಾರಕ್ಕೆ ಬಳಿಯೋ ಉಬ್ಬು ಲೇಪ. ಪ್ಲಾಸ್ಟರ್ ಮಾಡೋನು ಮೇಲಿನ ಮೊನೆಗಳನ್ನ ಕೆರೆದು ಸ್ಕಿಮ್ ಮಾಡ್ತೀನಿ ಅಂತಾನೆ.

ಉತ್ತರ: ಸ್ಕಿಮ್ ಮಾಡ್ಲಿ, ಒಣಗಿದ ಮೊನೆ ಕೆರೆಯೋದು ಬೇಡ. ಎಡವಟ್ಟಾಗೋದು ಅಲ್ಲೇ. ಅಲ್ಲಿ 80ರ ದಶಕದ ಮಧ್ಯದವರೆಗೂ ಆರ್ಟೆಕ್ಸ್‌ಗೆ ಬಿಳಿ ಆಸ್ಬೆಸ್ಟಾಸ್ ಬೆರೆಸ್ತಿದ್ರು, ದೇಶದಲ್ಲಿ ಪೂರ್ತಿ ಬ್ಯಾನ್ ಆಗಿದ್ದು 1999ರಲ್ಲಿ. ಮೊದಲು ಟೆಸ್ಟ್. ಇದೆ ಅಂತಾದ್ರೆ, ಸುತ್ತುಗಳ ಎತ್ತರ ಕಮ್ಮಿ ಇದ್ರೆ ಪಿವಿಎ ಅಂಟು ಬಳಿದು ಎರಡು ಕೋಟ್ ಸ್ಕಿಮ್ ಹಾಕಿದ್ರೆ ಕೆರೆಯದೇನೇ ಮುಚ್ಚಿಹೋಗುತ್ತೆ, ಎತ್ತರ ಜಾಸ್ತಿ ಇದ್ರೆ ಪ್ಲಾಸ್ಟರ್‌ಬೋರ್ಡ್ ಹೊದಿಸಿ. ಯಾವ ರೂಮಲ್ಲಿ ಒಳಗಡೆ ಏನಿದೆ ಅಂತ ಬರೆದು ಮನೆ ಪತ್ರದ ಜೊತೆ ಇಡಿ, ನಾಳೆ ಇನ್ಯಾರೋ ಬಂದು ಲೈಟಿಗೆ ಅಂತ ತೂತು ಕೊರೀತಾರೆ.

ಪ್ರಶ್ನೆ: ತುಮಕೂರಲ್ಲಿ ನಮ್ಮದು ಶೀಟ್ ಮನೆ. ಬಿಸಿಲಿಗೆ ಕೂರೋಕಾಗಲ್ಲ, ಕೆಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿಸಬಹುದಾ?

ಉತ್ತರ: ಮಾಡಿಸಿ. ನಿಮ್ಮದು ಆಸ್ಬೆಸ್ಟಾಸ್ ಸಿಮೆಂಟ್ ಶೀಟಾಗಿದ್ರೆ ಎಳೆಗಳು ಸಿಮೆಂಟಲ್ಲಿ ಹಿಡ್ಕೊಂಡಿರುತ್ವೆ, ಮೇಲಿನವರ ಸ್ಪ್ರೇ ಸೀಲಿಂಗ್‌ನಷ್ಟು ಸುಲಭಕ್ಕೆ ಬಿಟ್ಕೊಳ್ಳಲ್ಲ. ಆದ್ರೆ ಕೆಲಸದವರಿಗೆ ಮೊದಲೇ ಹೇಳಿ, ಚಾನೆಲ್‌ಗಳನ್ನ ಗೋಡೆಗೆ, ಕಬ್ಬಿಣದ ಪೈಪಿಗೆ ಕಟ್ಟಬೇಕು, ಶೀಟಿಗೆ ಡ್ರಿಲ್ ಹಾಕಿ ನೇತುಹಾಕೋ ಹಾಗಿಲ್ಲ. ಶೀಟಿಗೂ ಬೋರ್ಡಿಗೂ ಮಧ್ಯೆ ಜಾಗ ಬಿಟ್ಟು ಬಿಸಿಗಾಳಿ ಹೊರಗೆ ಹೋಗೋಕೆ ಎರಡೂ ಕಡೆ ಜಾಲರಿ ಇಡ್ಸಿ. ಮೇಲೆ ಪಾಚಿ ಕಟ್ಟಿದೆ ಅಂತ ವೈರ್ ಬ್ರಶ್ ಹಾಕಿ ಉಜ್ಜಿಸ್ಬೇಡಿ. ಒಡೆದ ಶೀಟ್ ಬದಲಾಯಿಸೋವಾಗ ನೀರು ಹಾಕಿ ಇಡಿಯಾಗೇ ಇಳಿಸ್ಬೇಕು, ಮೇಲಿಂದ ಎಸೆಯೋದು, ಚೂರು ಮಾಡಿ ಅಂಗಳದ ಗುಂಡಿಗೆ ತುಂಬೋದು ಎರಡೂ ಬೇಡ.