ಸ್ಯಾನ್ ಮರಿನೊಗೆ ಮೂರು, ನಮಗೆ ಏಳು

ಪ್ರಿಯ ಓದುಗರೇ,

ಹಾವೇರಿಯಿಂದ ನೀವು ಬರೆದ ಪತ್ರ ತಲುಪಿತು. "ಬರೀ 34 ಸಾವಿರ ಜನರಿರುವ ಸ್ಯಾನ್ ಮರಿನೊ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು ಪದಕ ಗೆದ್ದಿತು. 140 ಕೋಟಿ ಜನರ ನಮಗೆ ಸಿಕ್ಕಿದ್ದು ಏಳು. ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ನಾಚಿಕೆಯಾಗುತ್ತೆ. ನಿಮ್ಮ ಪತ್ರಿಕೆ ಇದನ್ನೇಕೆ ಬರೆಯುವುದಿಲ್ಲ?" ಎಂದು ಕೇಳಿದ್ದೀರಿ. ಪ್ಯಾರಿಸ್‌ನಲ್ಲಿ ಆ ದೇಶ ಏನು ಮಾಡಿತು ಎಂಬುದೂ ನಿಮ್ಮ ಪ್ರಶ್ನೆ.

ಮೊದಲು ಭಾಗಿಸಿಯೇ ನೋಡೋಣ. ಅವರಿಗೆ ಸುಮಾರು 11 ಸಾವಿರ ಜನಕ್ಕೊಂದು ಪದಕ. ಅದೇ ಲೆಕ್ಕ ನಮಗೂ ಹಾಕಿದರೆ ನಾವು ಒಂದು ಲಕ್ಷಕ್ಕೂ ಜಾಸ್ತಿ ಪದಕ ತರಬೇಕಿತ್ತು. ಟೋಕಿಯೊದಲ್ಲಿ ಎಲ್ಲ ದೇಶಗಳಿಗೂ ಸೇರಿ ಕೊಟ್ಟಿದ್ದೇ 1,080! ದೇಶದಲ್ಲಿ ಎಷ್ಟೇ ಜನರಿರಲಿ, ಕುಸ್ತಿಯಲ್ಲಿ ಒಂದು ತೂಕಕ್ಕೆ ಒಬ್ಬರನ್ನೇ ಕಳಿಸಬೇಕು. ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಟ್ರ್ಯಾಪ್ ಶೂಟಿಂಗ್‌ಗೆ ಪುರುಷರಲ್ಲಿ, ಮಹಿಳೆಯರಲ್ಲಿ ತಲಾ ಹೆಚ್ಚೆಂದರೆ ಇಬ್ಬರು. ಹೀಗಿರುವಾಗ ದೊಡ್ಡ ದೇಶ ಜನಸಂಖ್ಯೆಯಿಂದ ಭಾಗಿಸಿದ ಪಟ್ಟಿಯಲ್ಲಿ ಮೇಲೆ ಬರೋದಾದರೂ ಹೇಗೆ? ಚೀನಾ, ಅಮೆರಿಕ ಕೂಡ ಅಲ್ಲಿ ಕೆಳಗೇ ಇರುತ್ತವೆ. ಹಾಗಂತ ನಮಗೆ ಏಳು ಸಾಕು ಅಂತ ಅಲ್ಲ. ಖಂಡಿತ ಸಾಲದು. ಅದನ್ನು ಹೇಳೋಕೆ ಸ್ಯಾನ್ ಮರಿನೊವನ್ನು ಎಳೆದು ತರಬೇಕಾಗಿಲ್ಲ, ಅಷ್ಟೇ.

ಆದರೂ ಆ ಮೂರು ಪದಕ ಬಂದ ಬಗೆ ನೋಡುವಂಥದ್ದು. ಸುತ್ತಲೂ ಇಟಲಿ, ನಡುವೆ 61 ಚದರ ಕಿಲೋಮೀಟರಿನ ಈ ದೇಶ. 1960ರ ರೋಮ್ ಒಲಿಂಪಿಕ್ಸ್‌ನಿಂದ ಸ್ಪರ್ಧಿಸುತ್ತಾ ಬಂದರೂ ಒಂದೂ ಪದಕ ಇರಲಿಲ್ಲ. ಟೋಕಿಯೊಗೆ ಹೋದವರು ಐದೇ ಜನ.

ಅವರಲ್ಲಿ ಅಲೆಸ್ಸಾಂಡ್ರಾ ಪೆರಿಲ್ಲಿ ಒಬ್ಬರು. ಟ್ರ್ಯಾಪ್ ಶೂಟರ್. ಈ ಆಟ ನೀವು ನೋಡಿರದಿದ್ದರೆ ಒಂದು ಮಾತು: ಶೂಟರ್ ಕೂಗಿದ ತಕ್ಷಣ ಎದುರಿನ ಗುಂಡಿಯಿಂದ ಒಂದು ಬಿಲ್ಲೆ ರೊಯ್ಯನೆ ಹಾರುತ್ತದೆ. ಎಡಕ್ಕೋ ಬಲಕ್ಕೋ ಮೊದಲೇ ಗೊತ್ತಿರುವುದಿಲ್ಲ. ಫೈನಲ್‌ನಲ್ಲಿ ಒಂದು ಬಿಲ್ಲೆಗೆ ಒಂದೇ ಈಡು. ತಗುಲಿದರೆ ಬಣ್ಣದ ಪುಡಿ ಏಳುತ್ತೆ, ತಪ್ಪಿದರೆ ಬಿಲ್ಲೆ ಹಾಗೇ ಹೋಗಿ ಬೀಳುತ್ತೆ. 2012ರ ಲಂಡನ್‌ನಲ್ಲಿ ಪೆರಿಲ್ಲಿ ಸೇರಿ ಮೂವರು ಎರಡನೇ ಸ್ಥಾನಕ್ಕೆ ಸಮವಾಗಿದ್ದರು. ಉಳಿದಿದ್ದು ಒಂದು ಬೆಳ್ಳಿ, ಒಂದು ಕಂಚು. ಅದನ್ನು ಇತ್ಯರ್ಥ ಮಾಡಲು ನಡೆದ ಶೂಟ್-ಆಫ್‌ನಲ್ಲಿ ಮೊದಲು ತಪ್ಪಿದವರು ಇವರೇ. ನಾಲ್ಕನೇ ಸ್ಥಾನ! ಅದೇ ಆಗ ಅವರ ದೇಶದ ಅತಿ ದೊಡ್ಡ ಒಲಿಂಪಿಕ್ ಸಾಧನೆ ಅನ್ನಿಸಿಕೊಂಡಿತು.

ಒಂಬತ್ತು ವರ್ಷ ಕಳೆದು, 2021ರ ಜುಲೈ 29ರಂದು ಅದೇ ಪೆರಿಲ್ಲಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಅತಿ ಕಡಿಮೆ ಜನಸಂಖ್ಯೆಯ ದೇಶ ಸ್ಯಾನ್ ಮರಿನೊ ಆಯಿತು. ಎರಡು ದಿನ ಬಿಟ್ಟು ಜಿಯಾನ್ ಮಾರ್ಕೊ ಬೆರ್ಟಿ ಜೊತೆ ಮಿಶ್ರ ತಂಡದಲ್ಲಿ ಬೆಳ್ಳಿ. ಸ್ಪೇನ್ ಎದುರು 41-40. ಒಂದೇ ಒಂದು ಬಿಲ್ಲೆಯಲ್ಲಿ ಚಿನ್ನ ಹೋಯಿತು.

ಮೂರನೆಯದು ನಮಗೂ ಸಂಬಂಧಪಟ್ಟಿದ್ದು. ಆಗಸ್ಟ್ 5ರಂದು 86 ಕೆಜಿ ಕುಸ್ತಿಯಲ್ಲಿ ಮೈಲ್ಸ್ ಅಮೀನ್ ಕಂಚು ಗೆದ್ದಿದ್ದು ನಮ್ಮ ದೀಪಕ್ ಪೂನಿಯಾ ಮೇಲೆ. ಕೊನೆಯ ಸೆಕೆಂಡುಗಳವರೆಗೂ ದೀಪಕ್ ಮುಂದಿದ್ದರು. ಅಷ್ಟರಲ್ಲಿ ಅಮೀನ್ ಕೆಡವಿಬಿಟ್ಟರು. 4-2. ಆದರೆ ಅಮೀನ್ ಬೆಳೆದಿದ್ದು, ಕುಸ್ತಿ ಕಲಿತಿದ್ದು ಅಮೆರಿಕದ ಮಿಷಿಗನ್‌ನಲ್ಲಿ. ತಾಯಿಯ ಕಡೆಯ ಹಿರಿಯರು ಸ್ಯಾನ್ ಮರಿನೊದವರು, ಹಾಗಾಗಿ ಆ ದೇಶದ ಪರ ಆಡಿದರು. ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಇದರಲ್ಲಿ ಮೋಸವೇನೂ ಇಲ್ಲ. ಆದರೆ "34 ಸಾವಿರ ಜನರಲ್ಲೇ ಒಬ್ಬ ಪೈಲ್ವಾನ ಹುಟ್ಟಿದ" ಅನ್ನುವ ನಿಮ್ಮ ಮಾತು ಅಷ್ಟರಮಟ್ಟಿಗೆ ನಿಲ್ಲೋದಿಲ್ಲ.

ನನಗೆ ಹೊಟ್ಟೆಕಿಚ್ಚಾಗುವುದು ಪೆರಿಲ್ಲಿ ವಿಷಯದಲ್ಲಿ. ಅಷ್ಟು ಚಿಕ್ಕ ದೇಶದಲ್ಲಿ ನಾಲ್ಕನೇ ಸ್ಥಾನದವರನ್ನು ಮರೆಯೋಕಾಗಲ್ಲ. ಮರೆತರೆ ಇನ್ನೊಬ್ಬರಿಲ್ಲ. ನಮ್ಮಲ್ಲಿ ಹಾಗಲ್ಲ. ದೀಪಕ್ ಸೋತ ಎರಡು ದಿನಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ನಾಲ್ಕನೆಯವರಾದರು. ಬೆಳ್ಳಿಗೆ ನಡೆದ ಪ್ಲೇ-ಆಫ್‌ಗೆ ಹೋಗಲು ಒಂದೇ ಹೊಡೆತ ಕಡಿಮೆಯಾಗಿದ್ದರೆ ಸಾಕಿತ್ತು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಆಗ 200ನೇ ಸ್ಥಾನದಲ್ಲಿದ್ದ ಹುಡುಗಿ! ಬರ್ಡಿ ಅಂದರೇನು, ಬೋಗಿ ಅಂದರೇನು ಗೊತ್ತಿಲ್ಲದವರೂ ಅವತ್ತು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತರು. ಆಮೇಲೆ? ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಎಲ್ಲರೂ ಆ ಕಡೆ ತಿರುಗಿದರು. ತಿರುಗಿದ್ದು ತಪ್ಪಲ್ಲ ಬಿಡಿ. ಆದರೆ ಅದಿತಿಯ ಮುಂದಿನ ಟೂರ್ನಿಗಳನ್ನು ವಿಚಾರಿಸಿದವರು ಎಷ್ಟು ಜನ?

ಇನ್ನು ಪ್ಯಾರಿಸ್. 2024ರಲ್ಲಿ ಸ್ಯಾನ್ ಮರಿನೊಗೆ ಒಂದೂ ಪದಕ ಬರಲಿಲ್ಲ. ಅಮೀನ್ ಕಂಚಿನ ಪಂದ್ಯದವರೆಗೆ ಹೋಗಿ ಸೋತರು. ನಿಮ್ಮ ಭಾಗಾಕಾರದ ಪಟ್ಟಿಯಲ್ಲಿ ಈ ಸಲ ಮೊದಲು ನಿಂತಿದ್ದು ಕೆರಿಬಿಯನ್‌ನ ಗ್ರೆನೆಡಾ. ಅವರಿಗೆ ಸಿಕ್ಕಿದ್ದು ಎರಡು ಕಂಚು. ಅದರಲ್ಲೊಂದು, ನಮ್ಮ ನೀರಜ್ ಬೆಳ್ಳಿ ಗೆದ್ದ ಜಾವೆಲಿನ್‌ನಲ್ಲಿ ಆಂಡರ್ಸನ್ ಪೀಟರ್ಸ್ ಗೆದ್ದಿದ್ದು.

– ಸಂಪಾದಕ