ಸಕ್ಕರೆ ಕಿತ್ತ ಸೋಯಾ, ಸಕ್ಕರೆ ಅಂಟಿಸಿದ ಸೋಯಾ

ಪ್ರಶ್ನೆ: ನನಗೆ 51. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುತ್ತೆ. ಪರಿಚಯದವರು 'ಎಂಜೈಮ್‌ ಸಂಸ್ಕರಿತ ಸೋಯಾ ಐಸೋಫ್ಲೇವೋನ್' ಮಾತ್ರೆ ಕೊಟ್ಟಿದ್ದಾರೆ. ಮಾಮೂಲಿ ಸೋಯಾಕ್ಕಿಂತ ಹತ್ತು ಪಟ್ಟು ಶಕ್ತಿಯಂತೆ. ತಗೊಳ್ಳಲೇ ಡಾಕ್ಟ್ರೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹತ್ತು ಪಟ್ಟು ಅಂತ ಅಳೆದದ್ದು ಎಲ್ಲಿ, ಗಾಜಿನ ನಳಿಕೆಯಲ್ಲೋ ಹೆಂಗಸರ ರಕ್ತದಲ್ಲೋ? ಮೊದಲು ಅವರನ್ನೇ ಕೇಳಿ. ಹರಿಹರ, ಜಗಳೂರು, ಚಳ್ಳಕೆರೆಯಿಂದಲೂ ಇದೇ ಮಾತ್ರೆಯ ಪತ್ರಗಳು ಬರುತ್ತಲೇ ಇವೆ. ಹಾಗಾಗಿ ಈ ಸಲ ಉತ್ತರ ಉದ್ದವಾಗಿದೆ.

ಐಸೋಫ್ಲೇವೋನ್ ಅಂದರೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್ ಅನ್ನು ಸ್ವಲ್ಪ ಹೋಲುವ ಸಸ್ಯವಸ್ತು. ಸೋಯಾ ಕಾಳಿನಲ್ಲಿ ಡೈಡ್ಜೀನ್, ಜೆನಿಸ್ಟೀನ್ ಎಂಬ ಐಸೋಫ್ಲೇವೋನ್‌ಗಳು ಬಹುಪಾಲು ಗ್ಲೂಕೋಸ್ ಎಂಬ ಸಕ್ಕರೆ ಅಂಟಿಸಿಕೊಂಡೇ ಇರುತ್ತವೆ. ಆ ಗ್ಲೂಕೋಸ್ ಕಳಚದೆ ಅವು ಕರುಳಿನ ಗೋಡೆ ದಾಟುವುದು ಕಷ್ಟ. ಕಾರ್ಖಾನೆಯವರು ಬೀಟಾ-ಗ್ಲೂಕೋಸಿಡೇಸ್ ಎಂಬ ಕಿಣ್ವ (ಎಂಜೈಮ್) ಹಾಕಿ ಅದನ್ನು ಮೊದಲೇ ಕತ್ತರಿಸುತ್ತಾರೆ, 'ಸಂಸ್ಕರಿತ' ಅಂದರೆ ಇಷ್ಟೇ. ನಿಮ್ಮ ಕರುಳಿನ ಕಿಣ್ವಗಳು, ಅಲ್ಲಿನ ಬ್ಯಾಕ್ಟೀರಿಯಾಗಳು ಇದೇ ಕೆಲಸವನ್ನು ಬಿಟ್ಟಿ ಮಾಡಿಕೊಡುತ್ತವೆ. ಸುಲಿದ ಶೇಂಗಾಕ್ಕೆ ಜಾಸ್ತಿ ದುಡ್ಡು ಕೊಡುತ್ತೀವಲ್ಲ, ಹಾಗೆ. ಕೊಡಿ, ಬೇಡ ಅನ್ನಲ್ಲ. ಶೇಂಗಾ ಬೇರೆಯದಾಯಿತು ಅಂತ ಮಾತ್ರ ನಂಬಬೇಡಿ.

ತಮಾಷೆಯೆಂದರೆ, ಇನ್ನೊಂದು ಗುಂಪು ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತಿದೆ. ಸಕ್ಕರೆ ಕಳಚಿದ ಜೆನಿಸ್ಟೀನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು. ಅದಕ್ಕೇ ಸೈಕ್ಲೋಡೆಕ್ಸ್‌ಟ್ರಿನ್ ಗ್ಲೂಕನೋಟ್ರಾನ್ಸ್‌ಫರೇಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವದಿಂದ ಪಿಷ್ಟದ ಸಕ್ಕರೆಯನ್ನು ಐಸೋಫ್ಲೇವೋನ್‌ಗೆ ಸರಪಳಿಯಾಗಿ ಪೋಣಿಸುತ್ತಾರೆ. ಚೆನ್ನಾಗಿ ಕರಗುತ್ತದೆ, ಪಾನೀಯಕ್ಕೆ ಬೆರೆಸಬಹುದು. ರಸಾಯನಶಾಸ್ತ್ರವಾಗಿ ಸೊಗಸಾದ ಕೆಲಸ. ಕುಡಿದ ಮೇಲೆ ಕರುಳು ಆ ಸಕ್ಕರೆಯನ್ನೂ ಕಿತ್ತೇ ಒಳಗೆ ಬಿಟ್ಟುಕೊಳ್ಳಬೇಕು, ಅದನ್ನು ಜಾಹೀರಾತು ಹೇಳುವುದಿಲ್ಲ.

ಒಳಗೆ ಹೋದ ಮೇಲೆ ಕಥೆ ಇನ್ನೂ ಇದೆ. ಕರುಳಿನ ಗೋಡೆ ಮತ್ತು ಯಕೃತ್ತು ಸೇರಿ ಐಸೋಫ್ಲೇವೋನ್‌ಗೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸುತ್ತವೆ. ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ಈ ರೂಪವೇ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸುರಿಯುವುದು ಹೆಚ್ಚಾಗಿ ಬಿಡಿ ಜೆನಿಸ್ಟೀನ್. ಅಲ್ಲಿ ಕಂಡ ಶಕ್ತಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂದುಕೊಳ್ಳಬೇಡಿ, ಚೆನ್ನಾಗಿಯೇ ಗೊತ್ತಿದೆ.

ಈಕ್ವಾಲ್ ಹೆಸರೂ ಕೇಳಿರುತ್ತೀರಿ. 1932ರಲ್ಲಿ ಗಬ್ಬದ ಕುದುರೆಯ ಮೂತ್ರದಲ್ಲಿ ಮೊದಲು ಸಿಕ್ಕ, ಈಸ್ಟ್ರೋಜೆನ್ ಅನ್ನು ಹೋಲುವ ವಸ್ತು. ಡೈಡ್ಜೀನ್‌ನಿಂದ ಅದನ್ನು ಮಾಡುವುದು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಮಾತ್ರ, ಅವು ಎಲ್ಲರ ಕರುಳಲ್ಲೂ ಇರುವುದಿಲ್ಲ. ಪಕ್ಕದ ಮನೆಯಾಕೆಗೆ ಹಿಡಿಸಿದ್ದು ನಿಮಗೂ ಹಿಡಿಸಬೇಕೆಂದಿಲ್ಲ ಎನ್ನಲು ಇದೂ ಒಂದು ಕಾರಣ.

ಬೆವರು ಕಡಿಮೆಯಾದೀತೇ? 2012ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಐಸೋಫ್ಲೇವೋನ್ ಮೈ ಬಿಸಿಯೇರುವ ಸಲಗಳನ್ನು ಸುಮಾರು ಶೇ 20ರಷ್ಟು ಹೆಚ್ಚು ತಗ್ಗಿಸಿತ್ತು. ಉತ್ತರ ಅಮೆರಿಕದ ಮೆನೊಪಾಸ್ (ಮುಟ್ಟು ನಿಲ್ಲುವಿಕೆ) ಸಂಘ ಮಾತ್ರ 2023ರಲ್ಲಿ ಸೋಯಾ ಸಾರವನ್ನಾಗಲಿ ಈಕ್ವಾಲ್ ಅನ್ನಾಗಲಿ ಶಿಫಾರಸು ಮಾಡಲಿಲ್ಲ. ನಾನೂ ಬರೆದುಕೊಡುವುದಿಲ್ಲ. ನಿದ್ದೆ ಕೆಡುವಷ್ಟು ಇದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ, ಸರಿಯಾದ ಔಷಧಗಳಿವೆ. ಸ್ತನ ಕ್ಯಾನ್ಸರ್ ಆಗಿದ್ದವರು ಕೇಳದೆ ಈ ಡಬ್ಬಿ ಮುಟ್ಟಲೇಬಾರದು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮಾತ್ರೆಯ ಉಷ್ಣ ಅಂತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಮಗ ಜಿಮ್‌ಗೆ ಹೋಗ್ತಾನೆ, ಸೋಯಾ ಚಂಕ್ಸ್ ತಿಂದರೆ ಗಂಡಸುತನ ಹೋಗುತ್ತಾ? – ಹೊಸದುರ್ಗ
ಉತ್ತರ: ಹೋಗಲ್ಲ. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ತಿನ್ನಬಹುದೇ? – ಹರಿಹರ
ಉತ್ತರ: ತಿನ್ನಿ. ಮಾತ್ರೆ ಖಾಲಿ ಹೊಟ್ಟೆಗೆ, ಸೋಯಾ ನಾಲ್ಕು ಗಂಟೆ ಬಿಟ್ಟು. ಮಾತ್ರೆಯನ್ನೇ ಬಿಡಿಸುತ್ತೇನೆ ಎನ್ನುವ ಪಂಡಿತರ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ಸೋಯಾದಿಂದ ತೆಗೆದ 8-ಹೈಡ್ರಾಕ್ಸಿ ಡೈಡ್ಜೀನ್ ಕ್ರೀಮ್ ಹಚ್ಚಿದರೆ ಬೆಳ್ಳಗಾಗುತ್ತೇವೆಯೇ? – ಚಿತ್ರದುರ್ಗ
ಉತ್ತರ: ಬಣ್ಣ ಕಟ್ಟುವ ಟೈರೋಸಿನೇಸ್ ಕಿಣ್ವವನ್ನು ನಳಿಕೆಯಲ್ಲಿ ಅದು ತಡೆಯುವುದು ನಿಜ. ಕೋಟೆಯೂರಿನ ಬಿಸಿಲಿಗೆ ಕೊಡೆ ಹಿಡಿಯಿರಿ, ಅಗ್ಗ.

ಪ್ರಶ್ನೆ: ಹಸಿ ಸೋಯಾ ಹಿಟ್ಟನ್ನು ಬೆಳಿಗ್ಗೆ ನೀರಿಗೆ ಕದಡಿ ಕುಡಿಯಲು ಹೇಳಿದ್ದಾರೆ. – ಚಳ್ಳಕೆರೆ
ಉತ್ತರ: ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಇದೆ, ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ಚೆನ್ನಾಗಿ ಬೇಯಿಸಿ ತಿನ್ನಿ. ಹೇಳಿದವರು ಯಾರೋ, ಅವರಿಗೇ ಒಂದು ಲೋಟ ಕುಡಿಸಿ ನೋಡಿ.