ಸಂಕ ದಾಟದ ಹುಡುಗ, ಒಂಟಿ ಮೇಷ್ಟ್ರು

ಪ್ರಶ್ನೆ: ಸರ್, ನಾನು ಹೊಸನಗರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ಐದು ತರಗತಿ, ಇಬ್ಬರೇ ಮೇಷ್ಟ್ರು. ಎರಡನೇ ಕ್ಲಾಸಿನ ಹುಡುಗನೊಬ್ಬ ಹಳ್ಳ ದಾಟುವ ಕಾಲುಸಂಕಕ್ಕೆ ಹೆದರಿ, ಮಳೆ ಹಿಡಿದ ಮೇಲೆ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾನೆ. ನನಗೂ ಸಂಜೆ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ, ಒಂಟಿ ಅನ್ನಿಸುತ್ತದೆ. ಹಳೇ ಡಿ.ಎಡ್. ನೋಟ್ಸಿನಲ್ಲಿ ‘ಜರ್ಸಿಲ್ಡ್: ಮಕ್ಕಳ ಭಯ’ ಅಂತ ಒಂದು ಸಾಲು ಇತ್ತು. ಯಾರು ಇವರು?
– ಓದುಗ, ನಗರ ಹೋಬಳಿ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಬೇಜಾರೂ ಆಯಿತು, ಸರಿಯಾದ ಮನುಷ್ಯನನ್ನೇ ಹುಡುಕಿದ್ದೀರಿ ಅಂತ ಖುಷಿಯೂ ಆಯಿತು.

ಆರ್ಥರ್ ಜರ್ಸಿಲ್ಡ್ ಅಮೆರಿಕದ ಮನಶ್ಶಾಸ್ತ್ರಜ್ಞರು, 1902ರಲ್ಲಿ ಹುಟ್ಟಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಬಹಳ ಕಾಲ ಪ್ರೊಫೆಸರ್ ಆಗಿದ್ದರು. 1927ರ ಅವರ ಸಂಶೋಧನೆಯೇ ನಿಮ್ಮ ತಲೆನೋವಿನ ಬಗ್ಗೆ ಇದ್ದ ಹಾಗಿದೆ. ಸಂಖ್ಯೆಗಳ ಪಟ್ಟಿ ಕೊಟ್ಟು, ಒಂದಕ್ಕೆ ಕೂಡಿ ಮುಂದಿನದರಿಂದ ಕಳೆಯಿರಿ, ಹೀಗೇ ಬದಲಿಸುತ್ತಾ ಹೋಗಿ ಅಂದರು. ಬರೀ ಕೂಡುವುದಕ್ಕೋ ಬರೀ ಕಳೆಯುವುದಕ್ಕೋ ಹಿಡಿಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗುವುದಕ್ಕೇ ಸಮಯ ಬೇಕು. ನೀವು ಎರಡನೇ ಕ್ಲಾಸಿಗೆ ಕಳೆಯುವ ಲೆಕ್ಕ ಹಾಕಿಕೊಟ್ಟು, ನಾಲ್ಕನೆಯವರ ಪದ್ಯಕ್ಕೆ ಹೋಗಿ, ಅಷ್ಟರಲ್ಲಿ ಬಿಸಿಯೂಟದ ಅಕ್ಕಿ ಅಳೆಸಿ ಮತ್ತೆ ಲೆಕ್ಕಕ್ಕೆ ಬರುತ್ತೀರಿ, ಇದನ್ನೇ ದಿನವಿಡೀ ಮಾಡಿದರೆ ಸುಸ್ತಾಗದೆ ಇರುತ್ತದಾ? ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ.

ಆಮೇಲೆ ಅವರು ಮಕ್ಕಳ ಕಡೆ ತಿರುಗಿದರು. 1935ರಲ್ಲಿ ಹೋಮ್ಸ್ ಎಂಬುವರ ಜೊತೆ ಮಕ್ಕಳ ಹೆದರಿಕೆ ಬಗ್ಗೆ ದೊಡ್ಡ ಅಧ್ಯಯನ ತಂದರು. ಗೇಲಿ ಮಾಡಿದರೆ, ಬಲವಂತ ಮಾಡಿದರೆ, ಸುಮ್ನೆ ಬಿಟ್ಟರೆ ಹೆದರಿಕೆ ಹೋಗುವುದಿಲ್ಲ. ಹೆದರುವ ವಸ್ತುವಿನ ಹತ್ತಿರ ಸ್ವಲ್ಪಸ್ವಲ್ಪವೇ ಕರೆದೊಯ್ದು, ಅದನ್ನು ನಿಭಾಯಿಸುವ ಕೌಶಲ ಕಲಿಸಿದರೆ ಹೋಗುತ್ತದೆ. ಆದರೆ ನಿಮ್ಮ ಹುಡುಗನ ಹೆದರಿಕೆ ಸುಳ್ಳಲ್ಲ, ಉಕ್ಕುವ ಹಳ್ಳದ ಮೇಲೆ ಜಾರುವ ಅಡಿಕೆ ದಬ್ಬೆ ಅಂದರೆ ನನಗೂ ಎದೆ ನಡುಗುತ್ತದೆ. ಹಾಗಾಗಿ ಮೊದಲು ಊರವರಿಗೆ ಹೇಳಿ ಸಂಕಕ್ಕೆ ಎರಡೂ ಕಡೆ ಗಟ್ಟಿ ಹಿಡಿಕೆ ಕಟ್ಟಿಸಿ. ಮಳೆ ಹೊಳವಾದ ದಿನ ಕೈ ಹಿಡಿದು ನಾಲ್ಕು ಹೆಜ್ಜೆ, ಮರುದಿನ ಎಂಟು. ಹಳ್ಳ ತುಂಬಿದ ದಿನ ಮಾತ್ರ ಬೇಡವೇ ಬೇಡ.

ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಮುಂದಿನದಕ್ಕೆ. ಇಪ್ಪತ್ತು ವರ್ಷ ಆದ ಮೇಲೆ, 1955ರಲ್ಲಿ, ಮೇಷ್ಟ್ರುಗಳ ಆತಂಕ, ಒಂಟಿತನ, ಸಿಟ್ಟಿನ ಬಗ್ಗೆಯೇ ‘ವೆನ್ ಟೀಚರ್ಸ್ ಫೇಸ್ ದೆಮ್‌ಸೆಲ್ವ್ಸ್’ (ಮೇಷ್ಟ್ರುಗಳು ತಮ್ಮನ್ನೇ ಎದುರಿಸಿದಾಗ) ಅನ್ನುವ ಪುಸ್ತಕ ಬರೆದರು. ಮಕ್ಕಳ ಮನಸ್ಸು ತಿಳಿಯಬೇಕಾದರೆ ಮೇಷ್ಟ್ರು ಮೊದಲು ತನ್ನ ಮನಸ್ಸನ್ನು ನೋಡಿಕೊಳ್ಳಬೇಕು ಅನ್ನುವುದು ಅದರ ತಿರುಳು. ಮೇಷ್ಟ್ರಿಗೂ ಹೆದರಿಕೆ ಇರುತ್ತದೆ ಅಂತ ನಮ್ಮ ತರಬೇತಿಗಳಲ್ಲಿ ಈಗಲೂ ಯಾರೂ ಹೇಳುವುದಿಲ್ಲ ಅಲ್ವಾ?

ಸುತ್ತಲಿನ ಶಾಲೆಗಳ ಮುಂದಿನ ಕ್ಲಸ್ಟರ್ ಸಭೆಗೆ ಹೋದಾಗ ನನಗೆ ಬರೆದದ್ದನ್ನೇ ಪಕ್ಕದ ಶಾಲೆಯ ಮೇಷ್ಟ್ರ ಹತ್ತಿರ ಬಾಯಿಬಿಟ್ಟು ಹೇಳಿ. ಅವರೂ ಏನನ್ನೋ ಹೇಳಲು ಕಾಯುತ್ತಿರಬಹುದು. ಹುಡುಗ ಸಂಕ ದಾಟಿದ ದಿನ ನನಗೊಂದು ಕಾರ್ಡು ಹಾಕಿ.